ಹದಿನಾಲ್ಕು ಹುಂಜ, ಐದು ಹೇಂಟೆ

ಐದು ಹೇಂಟೆಗಳಿದ್ದ ಹಿತ್ತಲಿಗೆ ಹದಿನಾಲ್ಕು ಹುಂಜ ತಂದು ಬಿಟ್ಟರು. ಎರಡು ಹೇಂಟೆ ಸತ್ತವು. ಬಿಟ್ಟವರಲ್ಲಿ ಒಬ್ಬನೂ ತಾನಾಗಿ ತಪ್ಪಾಯಿತು ಅನ್ನಲಿಲ್ಲ. ಅದು ತಪ್ಪು. ಮೊದಲೇ ಹೇಳಿಬಿಟ್ಟೆ. ಕೊನೆಗೆ ಯಾರೂ ನಮಗೆ ಗೊತ್ತಾಗಲಿಲ್ಲ ಅನ್ನಬಾರದು. ಈಗ ಕಥೆ ಕೇಳಿ.

ಒಂದಾನೊಂದು ಸೀಮೆ. ಹೆಸರು ಕೇಳಬೇಡಿ. ಹೇಳಿದರೆ, ಅದು ನಮ್ಮ ಊರಲ್ಲವಲ್ಲ ಅಂತ ಎದ್ದು ಹೋಗುತ್ತೀರಿ. ಆ ಸೀಮೆಯಲ್ಲೊಂದು ಊರು. ಊರ ಅಂಚಿಗೆ ಒಂದು ಬೇವಿನ ಮರ. ಮರದ ಬುಡಕ್ಕೆ ಕಟ್ಟೆ, ಕಟ್ಟೆಯ ಮೇಲೆ ದೇವಿ. ಬೇವಿನಮರದಮ್ಮ ಅಂತ ಹೆಸರು. ಕಟ್ಟೆಯ ಹಿಂದೆಯೇ ನಿಂಗಾಜಮ್ಮನ ಮನೆ. ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ಐದು ಹೇಂಟೆ ಇದ್ದವು. ಅದರಲ್ಲೊಂದು ಬೂದಿ ಬಣ್ಣದ್ದು. ಅದನ್ನು ಬೂದಿ ಅಂತಲೇ ಕರೆಯುತ್ತಿದ್ದಳು. ಬೂದಿ ಕಾವಿಗೆ ಕೂತರೆ ಹನ್ನೆರಡು ಮೊಟ್ಟೆಗೆ ಹನ್ನೆರಡೂ ಮರಿ. ನಿಂಗಾಜಮ್ಮ ಮುದ್ದೆ ಮುರಿದರೆ ಮೊದಲ ತುತ್ತು ಬೂದಿಗೆ.

ಆ ಊರಿನ ಪದ್ಧತಿ ಕೇಳಿ. ಮಗುವಿಗೆ ಜ್ವರ ಬಂತು, ದೇವಿಗೊಂದು ಹುಂಜ. ಎಮ್ಮೆ ತಪ್ಪಿಸಿಕೊಂಡಿತು, ಸಿಕ್ಕರೆ ದೇವಿಗೊಂದು ಹುಂಜ. ಮಗಳಿಗೆ ಗಂಡು ಗೊತ್ತಾಯಿತು, ದೇವಿಗೊಂದು ಹುಂಜ. ಕಾಲಿಗೆ ಅರಿಶಿನದ ದಾರ ಕಟ್ಟಿ ಕಟ್ಟೆಯ ಹತ್ತಿರ ಬಿಟ್ಟರೆ ಅವರ ಕೆಲಸ ಮುಗಿಯಿತು. ಹಬ್ಬದ ದಿನ ಕೊಯ್ಯುವವರೆಗೂ ಆ ಹುಂಜವನ್ನು ಕೂಡಿಹಾಕುವಂತಿಲ್ಲ, ಮಾರುವಂತಿಲ್ಲ, ಹೊಡೆಯುವಂತಿಲ್ಲ. ಅದು ದೇವಿಯದು.

ಹಬ್ಬ ಆದರೆ ತಾನೆ? ಯಜಮಾನ ಮುದ್ದೇಗೌಡನಿಗೂ ಅವನ ದಾಯಾದಿಗೂ ಮೊದಲ ಆರತಿ ಯಾರದ್ದು ಅಂತ ಜಗಳ. ಒಂದು ವರ್ಷ ಹಬ್ಬ ನಿಂತಿತು. ಎರಡನೇ ವರ್ಷ ನಿಂತಿತು. ಮೂರನೇ ವರ್ಷವೂ ನಿಂತಿತು. ಹರಕೆ ಮಾತ್ರ ನಿಲ್ಲಲಿಲ್ಲ. ಹುಂಜ ಬಂತು, ಇನ್ನೊಂದು ಬಂತು, ಮತ್ತೊಂದು ಬಂತು. ಹದಿನಾಲ್ಕಾದವು. ಹೇಂಟೆ ಇರುವುದೆಲ್ಲಿ? ನಿಂಗಾಜಮ್ಮನ ಹಿತ್ತಲಲ್ಲಿ. ಹದಿನಾಲ್ಕೂ ಅಲ್ಲೇ ಠಿಕಾಣಿ ಹೂಡಿದವು.

ಆಮೇಲೇನಾಯಿತು ಅಂತ ಬಾಯಿಬಿಟ್ಟು ಹೇಳಬೇಕೆ? ಒಂದು ಇಳಿದರೆ ಇನ್ನೊಂದು ಏರುತ್ತಿತ್ತು. ಕೊಕ್ಕಿನಲ್ಲಿ ತಲೆ ಹಿಡಿದು, ಉಗುರಿನಲ್ಲಿ ಬೆನ್ನು ಕೆರೆದು, ಪುಕ್ಕವೆಲ್ಲ ಕಿತ್ತುಹಾಕಿದವು. ಹೇಂಟೆಗಳು ಮನೆಯ ಮಾಡು ಹತ್ತಿ ಕೂತವು. ಕೆಳಗೆ ಕಾಳು ಚೆಲ್ಲಿದರೂ ಇಳಿಯಲಿಲ್ಲ. ಹಸಿದ ಹಕ್ಕಿ ಕಾಳು ನೋಡಿಯೂ ಇಳಿಯುವುದಿಲ್ಲ ಅಂದರೆ ಅದರ ಭಯ ಎಷ್ಟಿರಬೇಕು, ಯೋಚನೆ ಮಾಡಿ. ಹಸಿವು ತಾಳದೆ ಇಳಿದದ್ದೊಂದು ಸಂಜೆಯ ಹೊತ್ತಿಗೆ ಸತ್ತು ಬಿದ್ದಿತ್ತು.

ನಿಂಗಾಜಮ್ಮ ಸತ್ತ ಹೇಂಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮುದ್ದೇಗೌಡನ ಜಗಲಿಗೆ ಹೋದಳು.

"ಗೌಡ್ರೇ, ಇದರ ಬೆನ್ನು ನೋಡಿ."

ಗೌಡ ಎಲೆಗೆ ಸುಣ್ಣ ಹಚ್ಚುತ್ತಿದ್ದ. ತಲೆ ಎತ್ತಲಿಲ್ಲ. "ಹುಂಜ ಅಂದ್ಮೇಲೆ ಹಂಗೇ ಕಣಮ್ಮಿ. ನಿನ್ನ ಹೇಂಟೆಗಳ ಮೇಲೆ ಮಂಕರಿ ಮುಚ್ಚಿಡು."

ಮುಚ್ಚಿಟ್ಟಳು. ಕೇಳಿ, ಯಾರು ಕತ್ತಲಲ್ಲಿ, ಯಾರು ಬಿಸಿಲಲ್ಲಿ? ಗಾಯವಾದವು ಮಂಕರಿಯೊಳಗೆ, ಗಾಯ ಮಾಡಿದವು ಹಿತ್ತಲ ತುಂಬ. ಹುಂಜಗಳು ತಿಪ್ಪೆ ಕೆದಕಿದವು, ಮಣ್ಣಲ್ಲಿ ಹೊರಳಿದವು, ಹೇಂಟೆಗಳ ಪಾಲಿನ ಕಾಳನ್ನೂ ತಿಂದವು. ಹೇಂಟೆಗಳು ಮೊಟ್ಟೆ ಇಡುವುದನ್ನೇ ಬಿಟ್ಟವು.

ಎರಡನೇ ಸಲ ಹೋದಳು. "ಗೌಡ್ರೇ, ಎಷ್ಟು ದಿನ ಮುಚ್ಚಿಡ್ಲಿ? ಗಾಳಿಯಿಲ್ಲ, ಬೆಳಕಿಲ್ಲ."

"ಹುಂಜ ಅಂದ್ಮೇಲೆ ಹಂಗೇ ಕಣಮ್ಮಿ. ಬೆನ್ನಿಗೆ ಬಟ್ಟೆ ಕಟ್ಟಿ ಬಿಡು."

ಹಳೇ ಸೀರೆ ಹರಿದು, ನಾಲ್ಕಕ್ಕೂ ಬೆನ್ನು ಮುಚ್ಚುವ ಹಾಗೆ ಹೊಲಿದಳು. ರೆಕ್ಕೆಯ ಸಂದಿಗೆ ದಾರ ಹಾಕಿ ಕಟ್ಟಿದಳು. ಊರೆಲ್ಲ ನಕ್ಕಿತು. "ನಿಂಗಾಜಿ ಕೋಳಿಗೆ ಕುಪ್ಪಸ ಹೊಲ್ದವ್ಳೆ! ಬಳೆ ಯಾವಾಗ ತೊಡಿಸ್ತೀಯೇ?" ಏ, ಅಲ್ಲಿ ಯಾರು ನಗ್ತಿರೋದು? ನಗಬೇಡಿ. ಬಟ್ಟೆಯೇನೋ ಒಳ್ಳೆಯದೇ. ಒಂದೆರಡು ಹುಂಜವಿದ್ದರೆ ಬೆನ್ನು ಕಾಯುತ್ತಿತ್ತು. ಹದಿನಾಲ್ಕಕ್ಕೆ ಯಾವ ಬಟ್ಟೆ ತಡೆಯುತ್ತೆ? ಬೆನ್ನು ಸಿಗಲಿಲ್ಲ ಅಂತ ತಲೆ ಕುಕ್ಕಿದವು. ಇನ್ನೊಂದು ಹೇಂಟೆಯ ಕಣ್ಣು ಹೋಯಿತು. ಎರಡು ದಿನಕ್ಕೆ ಜೀವವೂ ಹೋಯಿತು.

ಮೂರನೇ ಸಲ ಹೋದಳು. "ಗೌಡ್ರೇ, ಮೂರೇ ಉಳಿದವು. ಹುಂಜಗಳನ್ನ ನಿಮ್ಮ ನಿಮ್ಮ ಮನೆಗೆ ಕರ್ಕೊಂಡೋಗಿ."

"ದೇವಿಯವನ್ನ ಕೂಡಿಹಾಕೋಕಾಗ್ತದಾ? ಅಷ್ಟು ಕಷ್ಟವಾದ್ರೆ ನಿನ್ನ ಹೇಂಟೆಗಳನ್ನೇ ಬೇರೆ ಊರಿಗೆ ಸಾಗಹಾಕು."

ಕೇಳಿದಿರಾ? ಯಾರ ಹಿತ್ತಲು ಅದು? ಮೊದಲು ಇದ್ದವರು ಯಾರು? ಮುಚ್ಚಿಡಬೇಕಾದ್ದೂ ಹೇಂಟೆಯನ್ನೇ, ಬಟ್ಟೆ ಕಟ್ಟಬೇಕಾದ್ದೂ ಹೇಂಟೆಗೇ, ಊರು ಬಿಡಬೇಕಾದ್ದೂ ಹೇಂಟೆಯೇ. ಹುಂಜಕ್ಕೆ ಒಂದು ಮಾತಿಲ್ಲ. ಹುಂಜ ಬಿಟ್ಟವರಿಗೆ ಅರ್ಧ ಮಾತೂ ಇಲ್ಲ.

ಮನೆಗೆ ಬಂದು ನೋಡುತ್ತಾಳೆ, ಗೌಡನದೇ ಕೆಂಪು ಹುಂಜ ಬೂದಿಯನ್ನು ಮೂಲೆಗೆ ಒತ್ತಿ ಕೆಡವಿದೆ. ಬೂದಿ ಕೂಗುತ್ತಲೂ ಇಲ್ಲ. ನಿಂಗಾಜಮ್ಮ ಪೊರಕೆ ತೆಗೆದುಕೊಂಡು ಬೀಸಿ ಬಾರಿಸಿದಳು. ಕೆಂಪು ಹುಂಜ ಹಿತ್ತಲ ಬೇಲಿ ಹಾರಿ ಊರಿಗೆಲ್ಲ ಕೇಳುವಂತೆ ಅರಚಿತು.

ಎರಡು ಹೇಂಟೆ ಸತ್ತಾಗ ಬಾರದ ಪಂಚಾಯಿತಿ, ಹುಂಜಕ್ಕೊಂದು ಪೆಟ್ಟು ಬಿದ್ದ ಕೂಡಲೇ ಸೇರಿತು. ಗೌಡ ತೀರ್ಪು ಹೇಳಿದ. "ದೇವಿಗೆ ಬಿಟ್ಟ ಜೀವದ ಮೈಮೇಲೆ ಗಾಯ ಮಾಡಿದವರು ತಣ್ಣೀರು ಸುರ್ಕೊಂಡು, ಒದ್ದೆ ಬಟ್ಟೇಲಿ ಕಟ್ಟೆ ಮೂರು ಸುತ್ತು ಬರಬೇಕು. ತಪ್ಪಾಯ್ತು ಅನ್ನಬೇಕು. ಯಾರೇ ಆಗ್ಲಿ."

ನಿಂಗಾಜಮ್ಮ ಬೂದಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋದಳು. ತಣ್ಣೀರು ಸುರಿದುಕೊಂಡಳು. ಒಂದು ಸುತ್ತು ಬಂದಳು, ತಪ್ಪಾಯ್ತು ಅಂದಳು. ಎರಡು ಸುತ್ತು ಬಂದಳು, ತಪ್ಪಾಯ್ತು ಅಂದಳು. ಮೂರನೇ ಸುತ್ತು ಮುಗಿಸಿ ದೇವಿಯ ಎದುರು ನಿಂತಳು.

"ಬೇವಿನಮರದಮ್ಮಾ, ನನ್ನ ಮೂರು ಹೇಂಟೆ ಇವತ್ತಿಂದ ನಿನ್ನವು. ಪೂಜಾರಪ್ಪ, ದಾರ ಕೊಡು."

ಪೂಜಾರಿ ಕೆಂಚಣ್ಣ ಗೌಡನ ಮುಖ ನೋಡಿದ. ಗೌಡ ನಕ್ಕ. "ಹಾಗಾದ್ರೆ ಹಬ್ಬದ ದಿನ ಕೊಯ್ತೀವಿ, ಆಗಬಹುದಾ?"

"ದೇವರ ಹೆಸರಲ್ಲಿ ಬಸವನ್ನ ಬಿಡ್ತೀರಲ್ಲ ಗೌಡ್ರೇ, ಅದನ್ನ ಕೊಯ್ತೀರಾ? ನಾನೂ ಬಿಟ್ಟಿದ್ದು ಹಂಗೇ. ಬದುಕೋಕೆ ಬಿಟ್ಟಿದ್ದು."

ಕೆಂಚಣ್ಣನಿಗೆ ಇಲ್ಲ ಅನ್ನಲು ದಾರಿಯಿರಲಿಲ್ಲ. ದಾರ ಕೊಟ್ಟ. ಅವಳು ಬೂದಿಯ ಕಾಲಿಗೆ ಕಟ್ಟಿದಳು. ಕಟ್ಟಿ ಕೈ ತೆಗೆದಿಲ್ಲ, ಆ ಕೆಂಪು ಹುಂಜ ಓಡಿ ಬಂತು. ಊರು ನೋಡುತ್ತಿದೆ, ದೇವಿ ನೋಡುತ್ತಿದ್ದಾಳೆ, ಅದಕ್ಕೇನು ಲೆಕ್ಕ? ಅವಳ ತೋಳಿನ ಮೇಲೇ ಹಾರಿ ಬೂದಿಯ ಕುತ್ತಿಗೆಗೆ ಕೊಕ್ಕು ಹಾಕಿತು. ಅವಳು ಕಿತ್ತು ಬಿಡಿಸಿಕೊಳ್ಳುವಷ್ಟರಲ್ಲಿ ಬೂದಿಯ ಕುತ್ತಿಗೆಯಿಂದ ರಕ್ತ ಇಳಿಯಿತು.

ಅವಳು ಸೆರಗಿನಿಂದ ಗಾಯ ಒತ್ತಿ ಹಿಡಿದು ಗೌಡನ ಕಡೆ ತಿರುಗಿದಳು.

"ಗೌಡ್ರೇ," ಅಂದಳು ನಿಂಗಾಜಮ್ಮ. "ಈಗ ತೀರ್ಪು ಹೇಳಿ."

"ಅಯ್ಯೋ, ಹುಂಜಕ್ಕೇನು ಗೊತ್ತಾಗ್ತದೆ?"

"ಹುಂಜಕ್ಕೆ ಗೊತ್ತಿಲ್ಲ. ಅದನ್ನ ತಂದು ಬಿಟ್ಟ ನಿಮಗೆ ಗೊತ್ತಿತ್ತು. ಮೂರು ಸಲ ಬಂದು ಹೇಳಿದ್ದೆ."

ಗುಂಪಿನ ಹಿಂದಿನಿಂದ ಮುದುಕಿ ಚಿಕ್ಕತಾಯಜ್ಜಿ ಕೂಗಿದಳು. "ಬಿಂದಿಗೆ ನಾನೇ ತರ್ಲಾ ಗೌಡಪ್ಪ? ಬಾವಿ ನೀರು ಇವತ್ತು ಚೆನ್ನಾಗಿ ತಣ್ಣಗದೆ!" ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಒಬ್ಬಳು ಒತ್ತಿಕೊಳ್ಳಲಿಲ್ಲ, ಗಟ್ಟಿಯಾಗಿ ನಕ್ಕಳು. ಅವಳು ಗೌಡನ ಹೆಂಡತಿ.

ಯಾರೇ ಆಗಲಿ ಅಂದಿದ್ದು ಅವನದೇ ಬಾಯಿ. ಗೌಡ ನೀರು ಸುರಿದುಕೊಂಡ. ಒದ್ದೆ ಪಂಚೆ ಕಾಲಿಗೆ ತೊಡರಿಕೊಂಡು ಮೂರು ಸುತ್ತು ಬಂದ, ತಪ್ಪಾಯ್ತು ಅಂದ. ಅವನ ಎರಡನೇ ಸುತ್ತು ಮುಗಿಯುವ ಮೊದಲೇ ಉಳಿದವರು ಹಿತ್ತಲಿಗೆ ನುಗ್ಗಿ ತಮ್ಮ ತಮ್ಮ ಹುಂಜ ಹಿಡಿದುಕೊಂಡು ಮನೆ ಕಡೆ ಓಡಿದರು. ದೇವಿಯವನ್ನು ಕೂಡಿಹಾಕುವಂತಿಲ್ಲ ಅಂದವರೇ ಅಂದು ಸಂಜೆಗೆ ಬಿದಿರು ಸೀಳಿ ಗೂಡು ಕಟ್ಟಿದರು. ಆಗೋದಿಲ್ಲ ಅಂದದ್ದು ಒಂದು ಮಧ್ಯಾಹ್ನದ ಕೆಲಸ!

ಹದಿನಾಲ್ಕರಲ್ಲಿ ಒಂದನ್ನು ನಿಂಗಾಜಮ್ಮ ಉಳಿಸಿಕೊಂಡಳು. ಬಿಳಿ ಕಾಲಿನದು, ಕಾಳು ಕಂಡರೆ ಹೇಂಟೆಗಳನ್ನು ಕರೆದು ತಾನು ಪಕ್ಕಕ್ಕೆ ನಿಲ್ಲುವಂಥದ್ದು. ಹುಂಜವೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಿತಿಮೀರಿ ತುಂಬಿದವರನ್ನು ಹೇಳುತ್ತಿದ್ದೇನೆ. ಇನ್ನು ಮನೆಮನೆಯಲ್ಲೂ ಬೆಳಗಿನ ಜಾವದ ಕೂಗು, ಮನೆಮನೆಯಲ್ಲೂ ಅದರ ಹೊಟ್ಟೆಗೆ ಕಾಳು. ಮೂರು ವರ್ಷ ತೀರದ ಆರತಿಯ ಜಗಳ ಎಂಟು ದಿನಕ್ಕೆ ತೀರಿತು, ಹಬ್ಬವೂ ಆಯಿತು.

ಬೂದಿಗೆ ಅರಿಶಿನ ಹಚ್ಚಿ ಹಚ್ಚಿ ಗಾಯ ಮಾಯಿತು. ಪುಕ್ಕ ಬರಲು ತಿಂಗಳುಗಳೇ ಹಿಡಿದವು. ಸತ್ತ ಎರಡು ಮಾತ್ರ ಬರಲಿಲ್ಲ. ಅದನ್ನು ಮರೆತು ಚೆನ್ನಾಗಿತ್ತು ಕಥೆ ಅನ್ನಬೇಡಿ.

ಅವರ ಸೀಮೆ ಅವರಿಗಾಯಿತು, ನನ್ನ ಗಂಟಲು ಒಣಗಿತು, ಕಥೆ ನಿಂತಿತು. ನೀವು ಕೂತಿರಬೇಡಿ. ಮನೆಗೆ ಹೋಗಿ, ನಿಮ್ಮ ಹೇಂಟೆಯನ್ನು ಎತ್ತಿಕೊಳ್ಳಿ, ಪುಕ್ಕ ಸರಿಸಿ ಬೆನ್ನು ನೋಡಿ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಹೆಚ್ಚಿಗೆ ಇದ್ದರೆ ಹುಂಜವನ್ನು ಬೇರೆ ಮಾಡಿ, ಹೇಂಟೆಯನ್ನಲ್ಲ. ನಾಳೆ ಅನ್ನಬೇಡಿ. ಬೆಳಕಿರುವಾಗಲೇ ಮಾಡಿ. ಏಳಿ!