ಫೋಲ್ಡರಿನೊಳಗಿನ ರಾತು

ಸುವಾ ಬಸ್ ನಿಲ್ದಾಣದಲ್ಲಿ ರಾಮಾಯಣದ ಚೌಪಾಯಿ ಗುನುಗುತ್ತಿದ್ದ ಧರ್ಮಾವತಿಯ ಕಿವಿ ಪಕ್ಕದ ಬೆಂಚಿನತ್ತ ಹೋಯಿತು. ಹಡಗುಕಟ್ಟೆಯ ಟಿಕೆಟ್ ಕಚೇರಿಯ ಇಬ್ಬರು ಅಲ್ಲಿ ಕೂತಿದ್ದರು.

“ಹತ್ತು ಗಂಟೆಗೆ ರಾತು ವಿಲಿಕೇಸ ಬಂದು ಹೊಸ ಟಿಕೆಟ್ ಯಂತ್ರದ ಗುಂಡಿ ಒತ್ತಿ ಉದ್ಘಾಟನೆ ಮಾಡ್ತಾರೆ, ಲಿತಿಯಕ್ಕಾ. ಮೂರು ದಿನದಿಂದ ಅದು ಶುರುವೇ ಆಗ್ತಿಲ್ಲ. ನನ್ನ ಕೆಲಸ ಹೋಯ್ತು ಅಂತ್ಲೇ ತಿಳ್ಕೊ.”

“ಏನನ್ನುತ್ತೆ ಅದು?”

“‘ರಾತು’ ಅನ್ನೋ ಫೋಲ್ಡರೇ ಇಲ್ಲ ಅನ್ನುತ್ತೆ.”

“ಫೋಲ್ಡರಿಗೆ ಅವರ ಹೆಸರಿಟ್ಯಾ, ಸೆಮಿಸಿ?”

“ಗೌರವಕ್ಕೆ.”

“‘ರಾತು’ಗೂ ‘ವಿಲಿಕೇಸ’ಕ್ಕೂ ನಡುವೆ ಜಾಗ ಬಿಟ್ಟಿದ್ದೀಯ. ಯಂತ್ರ ಶುರುಮಾಡೋ ಸ್ಕ್ರಿಪ್ಟು ಹೆಸರು ಅಲ್ಲಿಗೇ ಮುಗೀತು ಅಂದ್ಕೊಳ್ಳುತ್ತೆ. ಬರೀ ವಿಲಿಕೇಸ ಅಂತಿಡು.”

“ದೊರೆಮನೆಯವರನ್ನ ‘ರಾತು’ ಅನ್ನದೆ ಬರೀ ಹೆಸರಲ್ಲಿ ಕರೆಯೋದಾ?”

“ಅವರೇನು ಫೋಲ್ಡರ್ ತೆಗೆದು ನೋಡ್ತಾರಾ, ಮಾರಾಯ?”

“ನಂಗೆ ಗೊತ್ತಿರುತ್ತಲ್ಲ!”

“ಹಾಗಾದ್ರೆ ಸ್ಕ್ರಿಪ್ಟಿನಲ್ಲಿ ಆ ಫೋಲ್ಡರಿನ ವಿಳಾಸದ ಹಿಂದೆ ಮುಂದೆ ಕೋಟ್ಸ್ ಹಾಕು. ಇಡೀದು ಒಂದೇ ಹೆಸರು ಅಂತ ತಗೊಳ್ಳುತ್ತೆ.”

“ಅಷ್ಟೇನಾ? ಮೂರು ದಿನ ಯಾಕೆ ಹೇಳ್ಲಿಲ್ಲ?”

“ನೀನು ಯಂತ್ರ ಕೆಟ್ಟಿದೆ ಅಂದೆ. ಮರ್ಯಾದೆ ಹೆಚ್ಚಾಗಿದೆ ಅಂತ ಎಲ್ಲಿ ಹೇಳಿದೆ?”

ಒಂಬತ್ತೂವರೆಯ ಬಸ್ಸು ಬಂತು. “ಬೇಗ ಹತ್ತೋ!” ಎಂದಳು ಲಿತಿಯಾ, ಒಳಗಿಂದ. ಸೆಮಿಸಿ ಸಾಲಿನಲ್ಲಿದ್ದ ಹಿರಿಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಮೊದಲು ಹತ್ತಿಸಿ, ಹೊರಟ ಬಸ್ಸಿನ ಹಿಂದೆ ಓಡಿ ಬಾಗಿಲಿಗೆ ಜೋತುಬಿದ್ದ.