ಮೆಸೇಜು ಹೋಗುವ ನಂಬರು

ನಗಬ್ಯಾಡ ಸಹನಾ, ಖರೇನ ಹೇಳಾಕತ್ತೀನಿ. ನಮ್ಮ ಮನ್ಯಾಗ ಆರು ಬಾಟ್ಲಿ ತಲಿಎಣ್ಣಿ ಅದಾವ. ಇರೂದು ಒಂದ ತಲಿ, ಅದರಾಗೂ ಅರ್ಧಾ ಕೂದಲು ಉದುರಿ ಹೋಗ್ಯಾವ. ಏನು ಮಾಡ್ಲಿ? ಮುನ್ನೂರು ರೂಪಾಯಿ ಒಳಗ ಕಾರ್ಡು ಉಜ್ಜೂದಿಲ್ಲ ಅಂತಾನ ಅಂಗಡಿಯಾಂವ. ಸೋಪು ತರಾಕ ಹೋದಾಕಿ, ಮುನ್ನೂರು ತುಂಬಲಿ ಅಂತ ಎಣ್ಣಿನೂ ಹಿಡ್ಕೊಂಡು ಬರ್ತೀನಿ.

ಈ ಕಡೆ ಸರದು ಕುಂದ್ರು. ನನ್ನ ಟೋಕನ್ ನಲವತ್ತೊಂದು, ಅಲ್ಲಿ ಇನ್ನೂ ಇಪ್ಪತ್ತಾರು ನಡದೈತಿ. ಯಲಬುರ್ಗಾದಾಗ, ಬ್ಯಾಂಕಿನ ಬೆಂಚಿನ ಮ್ಯಾಲೆ ನಾದಿನಿ ಭೆಟ್ಟಿ ಆಗ್ತಾಳಂತ ಯಾರಿಗೆ ಗೊತ್ತಿತ್ತವಾ. ಎಷ್ಟು ವರ್ಷ ಆತು? ನಿಮ್ಮಣ್ಣ ಗಂಗಾವತಿಗೆ ಹೋಗಿ ಬ್ಯಾರೆ ಮನಿ ಮಾಡಿ ಆರು ವರ್ಷ ಆತಲ್ಲ, ಅಷ್ಟ. ಈಗೂ ವೈನಿ ಅಂತ ಕರದಿ ನೋಡು, ಅದ ದೊಡ್ಡದು.

ಏನಂದಿ? ಫೋನಿನಿಂದ ಕೊಡು ಅಂತೀಯೇನು? ಬರೂದಿಲ್ಲವಾ. ಸಾಲ್ಯಾಗ ಹುಡುಗ್ರು ಸುದ್ದಾ ನಗ್ತಾವ, 'ಕೊತ್ತಂಬ್ರಿ ಮಾರೋ ಹುಲಗಮ್ಮನ ಹತ್ರನೂ ಸ್ಕ್ಯಾನರ್ ಐತ್ರಿ ಟೀಚರ್' ಅಂತ. ಫೋನಿನಿಂದ ಕೊಡಬೇಕಂದ್ರ ಬ್ಯಾಂಕಿನ್ಯಾಗ ನನ್ನ ನಂಬರು ಇರಬೇಕು. ಇರೂದು ನಿಮ್ಮಣ್ಣಂದು. ನೌಕರಿ ಸೇರಿದಾಗ ಖಾತೆ ತಗಸಿದ್ವಿ, ಆವಾಗ ನನ್ನ ಹತ್ರ ಫೋನ್ ಎಲ್ಲಿತ್ತು? ಅವ್ರ ನಂಬರ ಬರದ್ವಿ. ಅವತ್ತಿನಿಂದ ಪಗಾರ ನಂದು, ಮೆಸೇಜು ಅವ್ರಿಗೆ.

ಭಾಳ ಕಾಡ್ತಿದ್ರಂತೀನಿ. ಕುಷ್ಟಗಿ ಪ್ಯಾಟ್ಯಾಗ ಒಂದು ಸೀರಿ ತಗೊಂಡು ಅಂಗಡಿ ಮೆಟ್ಲ ಇಳಿದಿರ್ತಿರಲಿಲ್ಲ, ಫೋನು. 'ಸಾವಿರದಾ ಇನ್ನೂರು ಎದಕ?' ಮೈ ಉರೀತಿತ್ತು ನನಗ. ನಗದು ತಗದು ಅಕ್ಕಿ ಡಬ್ಬ್ಯಾಗ ಮುಚ್ಚಿಟ್ಟು ಖರ್ಚು ಮಾಡ್ತಿದ್ದೆ. ಈಗ... ಈಗ ಮುಚ್ಚೂದೇನೈತಿ. ಎಲ್ಲಾ ಕಾರ್ಡಿಗೇ.

ಯಾಕ ಹಂಗ ನೋಡ್ತಿ? ಹೌದು, ಈಗೂ ನಗದು ತಗೀಬಹುದು. ಎಟಿಎಮ್ಮು ಎದುರಿಗೇ ಐತಿ, ಗೊತ್ತೈತಿ. ಬಿ.ಎ., ಬಿ.ಎಡ್. ಮಾಡೀನಿ ನಾನು. ಆದ್ರ ನಗದು ತಗದ್ರ ಇಷ್ಟು ತಗದ್ರು ಅಂತಷ್ಟ ಮೆಸೇಜು ಹೋಗ್ತೈತಿ. ಕಾರ್ಡು ಉಜ್ಜಿದ್ರ ಅಂಗಡಿ ಹೆಸರೂ ಹೋಗ್ತೈತಿ... ಹಂಗಂತ ಕೌಂಟರಿನ ಸುಭಾಷ್ ಸರ್ ಹೇಳಿದ್ರು. ನಾ ಏನು ಕೇಳಾಕ ಹೋಗಿರಲಿಲ್ಲ, ಮಾತಿಗೆ ಮಾತು ಬಂತು.

ಹೋದ ಡಿಸೆಂಬರದಾಗ ಹುಡುಗ್ರನ್ನ ಆನೆಗೊಂದಿಗೆ ಕರಕೊಂಡು ಹೋಗಿದ್ವಿ. ಕಾರ್ಡು ಉಜ್ಜಿ ಬಾಳಿನಾರಿನ ಚೀಲ ತಗೊಂಡೆ. ಆರುನೂರಾ ಐವತ್ತು. 'ಇಷ್ಟು ತುಟ್ಟಿದು ಎದಕ್ರಿ?' ಅಂದ್ಲು ಜೋಡಿ ಬಂದಿದ್ದ ಶೈಲಶ್ರೀ ಟೀಚರ್. ಅಲ್ಲಿಂದ ಗಂಗಾವತಿ ಎಷ್ಟು ದೂರ ಹೇಳು? ಅರ್ಧಾ ತಾಸೂ ಇಲ್ಲ... ಅಲ್ಲ, ಸುಮ್ನ ಹೇಳಿದೆ, ದೂರ ಎಷ್ಟು ಅಂತ.

ಕೈ ಹಿಡೀಬ್ಯಾಡ. ಏನೂ ಆಗಿಲ್ಲ ನನಗ. ಆಗಿದ್ದು ಅಂದ್ರ ಶ್ರಾವಣದಾಗ. ಡೆಂಗಿ. ಕೊಪ್ಪಳದಾಗ ಮೂರು ದಿನ ಮಲಗಿದ್ದೆ. ಹದಿನಾಲ್ಕು ಸಾವಿರ ಆತು, ಸಲಾಯಿನ್ ಹಚ್ಚಿದ ಕೈಲೇ ಕಾರ್ಡಿನ ಪಿನ್ ಒತ್ತೀನಿ. ದವಾಖಾನಿ ಹೆಸರು ಹೋಗಿರಬೇಕಲ್ಲ. ಫೋನು ತಲಿದಿಂಬಿನ ಬಾಜೂಕ ಇಟ್ಕೊಂಡಿದ್ದೆ. 'ಎದಕ?' ಅಂತ ಒಂದು ಮಾತು... ಹೆಡ್ ಮಾಸ್ತರು ಮಾಡಿದ್ರು, ಸೂಟಿ ಅರ್ಜಿ ಕಳಸ್ರಿ ಅಂತ. ಲೋನ್ ಬೇಕೇನ್ರಿ ಅಂತ ಯಾವುದೋ ಕಂಪನಿ ಹುಡುಗಿ ಮಾಡಿದ್ಲು. ಆಕಿ ಜೋಡಿ ಹತ್ತು ನಿಮಿಷ ಮಾತಾಡೀನಿ. ಕಡೀಕ ಪಾಪ, ಆಕೀನ ಫೋನ್ ಇಟ್ಟಳು.

ಅದಕ್ಕ ಇವತ್ತು ಸೂಟಿ ಹಾಕಿ ಬಂದೀನಿ, ನಂಬರ ಬದಲಿ ಮಾಡಿಸೇ ಹೋಗೂದಂತ. ಇದೊಂದು ಯಾಕಿರಬೇಕು, ಹರದು ಹೋಗಲಿ. ತಗೋ, ಫಾರ್ಮು ತುಂಬೀನಿ, ಸರಿ ಐತೇನು ನೋಡು. ಓದೂ ಚಾಳೀಸು ಮನ್ಯಾಗ ಬಿಟ್ಟು ಬಂದೀನಿ. ಮ್ಯಾಲೆ ಹಳೇ ನಂಬರು, ಕೆಳಗ ಹೊಸಾದು.

ಯಾಕ? ಸಹಿ ಬಿಟ್ಟೀನೇನು?

ಖಾತೆ ನಂಬರ ಸರಿ ಐತಲ್ಲ?

ಸಹನಾ... ಆ ನಂಬರಿನ ಮ್ಯಾಲೆ ಯಾಕ ಬೆರಳಿಟ್ಟಿ?

ಎರಡೂ ಕಡೆ ಒಂದ ನಂಬರ ಐತಿ, ನಿಮ್ಮಣ್ಣಂದು, ಹೌದಿಲ್ಲೋ.

ಹೋದ ಸಲನೂ ಹಿಂಗ ಬರದಿದ್ದೆ. 'ಅವಸರದಾಗ ತಪ್ಪಾಗೈತ್ರಿ ಮೇಡಂ' ಅಂತ ಸುಭಾಷ್ ಸರ್ ಹೊಳ್ಳಿ ಕೊಟ್ರು. ಹೂಂ ಅಂದೆ. ಅವಸರ ಅಂತ ನಾನೂ ಅಂದೆ.

ಕೊಡು ಇಲ್ಲಿ. ನಿನ್ನ ಪೆನ್ನೂ ಕೊಡು... ಬ್ಯಾಡ, ಪೆನ್ನು ನಿನ್ನ ಹತ್ರನ ಇರಲಿ. ನಲವತ್ತೊಂದು ಅಂತ ಕರದ್ರ ನನಗ ಕೇಳಸೂದಿಲ್ಲ. ನೀನೂ ಹೇಳಬ್ಯಾಡ.