ನಾಲ್ಕನೇ ಕಣಜದ ಬಡಿತ

ನಂಬೋದು ಬಿಡೋದು ನಿಮಗೆ ಸೇರಿದ್ದು. ಆದ್ರೆ ಡೆಸ್ ನೋಸ್ಕಿ ಸುಳ್ಳು ಹೇಳೋ ಮನುಷ್ಯ ಅಲ್ಲ. ಹಿಡಿದ ಮೀನು ಎಷ್ಟುದ್ದ ಇತ್ತು ಅಂತ ಕೇಳಿದ್ರೂ ಒಂದು ಬೆರಳು ಕಮ್ಮಿ ಹೇಳೋ ಪ್ರಾಣಿ ಅದು. ಅವನ ಹೆಂಡತಿ ಎಲ್ವಾ ನನ್ನ ಚಿಕ್ಕಪ್ಪನ ಮಗಳು, ಅದಕ್ಕೇ ಇದು ನನ್ನ ಕಿವಿಗೆ ಬಿತ್ತು. ಇಲ್ಲದಿದ್ರೆ ಅವನ ಬಾಯಿಂದ ಇದು ಹೊರಗೆ ಬರೋದೇ ಇಲ್ಲ...

ಯುದ್ಧ ಮುಗಿದು ಎಂಟು ವರ್ಷ ಆಗಿತ್ತು. ಜನವರಿ ತಿಂಗಳು, ನಮ್ಮ ಕಡೆ ಕಡು ಬೇಸಿಗೆ. ಗೋಧಿ ಕೊಯ್ಲು ಮುಗೀತಾ ಬಂದಿತ್ತು. ಯಾರಬಿನ್ ಸ್ಟೇಷನ್ನಿನ ಹಳಿ ಪಕ್ಕ ನಿಂತಿವೆಯಲ್ಲ, ಆ ನಾಲ್ಕು ಕಾಂಕ್ರೀಟ್ ಕಣಜ, ನಾಲ್ಕೂ ಹತ್ರತ್ರ ಬಾಯಿತನಕ ತುಂಬಿದ್ವು. ಡೆಸ್ ಅಲ್ಲಿ ಕಾಳು ತೂಗಿ ತುಂಬಿಸಿಕೊಳ್ಳೋ ಕೆಲಸಕ್ಕಿದ್ದ. ಅವನ ಮೇಲಿನವನು ಮುದುಕ ಆರ್ಚಿ. ಡೆಸ್ ಕೈಕೆಳಗೆ ಎಲ್ವಾಳ ಒಬ್ಬನೇ ತಮ್ಮ ಮರ್ವ್. ಇಪ್ಪತ್ನಾಲ್ಕು ವರ್ಷದ ಹುಡುಗ, ಬರೋ ಶನಿವಾರ ಅವನ ಮದುವೆ. ಬೇಕರಿಯವನ ಮಗಳು ಡಲ್ಸಿ ಜೊತೆ.

ಆ ದಿನ ಕೊನೇ ಲಾರಿ ಹೋದಾಗ ರಾತ್ರಿ ಒಂಬತ್ತು ದಾಟಿತ್ತು. ಡೆಸ್ ತೂಕದ ಶೆಡ್ಡಿಗೆ ಬೀಗ ಹಾಕಿ ಮನೆ ಕಡೆ ಹೊರಟ. ರೈಲ್ವೆಯವರ ಹಳೇ ಬಾವಿ, ಅದರ ಪಕ್ಕ ಕೊಂಬೆ ಜೋತುಬಿದ್ದ ಒಂದು ಮರ, ಆಮೇಲೆ ಕಣಜಗಳು... ದಾರಿ ಅಷ್ಟೇ. ಗಾಳಿ ಇರಲಿಲ್ಲ. ಬಾವಿಯೊಳಗೆ ಒಂದು ಹನಿ ಬೀಳೋದು ಕೇಳಿಸ್ತಿತ್ತು. ಟುಬ್... ಆಮೇಲೆ ತುಂಬಾ ಹೊತ್ತು ಏನಿಲ್ಲ. ಟುಬ್.

ಮರಕ್ಕೆ ಒಂದು ಸೈಕಲ್ ಒರಗಿತ್ತು. ಮರ್ವ್‌ದು.

'ಸೈಕಲ್ ಇಲ್ಲೇ ಬಿಟ್ಟು ಹೋಟ್ಲಿಗೆ ಕುಡಿಯೋಕೆ ಹೋಗಿದ್ದಾನೆ, ಮದುಮಗ,' ಅಂದ್ಕೊಂಡ ಡೆಸ್. ಮದುವೆ ವಾರ, ಕುಡಿಸೋರಿಗೇನು ಬರ. ಅಷ್ಟೇ ಯೋಚನೆ. ಹೆಜ್ಜೆ ಮುಂದಿಟ್ಟ.

ಠಣ್... ಠಣ್... ಠಣ್.

ನಾಲ್ಕನೇ ಕಣಜ. ಒಳಗಿಂದ.

ಡೆಸ್ ಕತ್ತು ತಿರುಗಿಸಲಿಲ್ಲ. ಬೆನ್ನಿನ ಬೆವರು ಅಲ್ಲೇ ತಣ್ಣಗಾಯ್ತು ಅಂತಾನೆ. ಆದ್ರೂ ತಿರುಗಲಿಲ್ಲ, ನಿಲ್ಲಲಿಲ್ಲ. ಯಾಕಂದ್ರೆ ಕತ್ತಲಾದ ಮೇಲೆ ನಾಲ್ಕನೇ ಕಣಜ ಬಡಿಯುತ್ತೆ ಅನ್ನೋದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ದಿನಾ ಅಲ್ಲ. ತಿಂಗಳಿಗೆ ಒಂದ್ಸಲ, ಎರಡ್ಸಲ. ತಿರುಗಿ ನೋಡಬಾರದು, ಮಾತಾಡಬಾರದು, ತಿರುಗಿ ಬಡಿಯಲಂತೂ ಕೂಡದು. ಇದು ಆರ್ಚಿಯ ಕಟ್ಟಪ್ಪಣೆ. ಅಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳ್ತಿದ್ದ.

ಬಡಿತ ಅಂದ್ರೆ ಏನು ಅಂತ ಹೇಳಬೇಕು ನಿಮಗೆ. ಪ್ರತಿ ಕಣಜದ ಬುಡದಲ್ಲಿ, ಎದೆಮಟ್ಟದಲ್ಲಿ, ಒಂದು ಕಬ್ಬಿಣದ ಬಾಗಿಲು ಇರುತ್ತೆ. ಅದರ ಪಕ್ಕದಲ್ಲೇ ಚಕ್ರ. ಚಕ್ರ ತಿರುಗಿಸಿದ್ರೆ ಕಾಳು ಇಳಿಜಾರು ತಗಡಿನ ದೋಣಿಯಲ್ಲಿ ಜಾರಿ ರೈಲು ಡಬ್ಬಿಗೆ ಸುರಿಯುತ್ತೆ. ಒಳಗೆ ಯಾರಾದ್ರೂ ಕಾಳಿನ ಮೇಲೆ ನಿಂತಿದ್ರೆ ಕಾಳಿನ ಜೊತೆ ಅವರೂ ಕೆಳಗೆ ಹೋಗ್ತಾರೆ. ಕೂಗೋಕೂ ಟೈಮಿರಲ್ಲ. ಅದಕ್ಕೇ ಚಕ್ರ ಮುಟ್ಟೋ ಮುಂಚೆ ಸ್ಪ್ಯಾನರಿನಿಂದ ಬಾಗಿಲಿಗೆ ಮೂರು ಸಲ ಬಡೀಬೇಕು. ಕಿವಿ ಇಟ್ಟು ಅರವತ್ತು ಎಣಿಸಬೇಕು. ಒಳಗಿರೋನು ಮೇಲಿಂದ ಸಲಿಕೆಯಲ್ಲಿ ಗೋಡೆಗೆ ಎರಡು ಸಲ ಬಡೀತಾನೆ. ಟಕ್ ಟಕ್. ಸಣ್ಣಗೆ, ಗೋಡೆಗುಂಟ ಇಳಿದು ಬರುತ್ತೆ. ಎರಡು ಕೇಳಿಸಿದ್ರೆ ಮುಗೀತು, ಚಕ್ರಕ್ಕೆ ಯಾರೂ ಕೈ ಹಾಕಲ್ಲ. ಇನ್ನೊಂದು ಉಪಯೋಗನೂ ಇದೆ ಆ ಬಡಿತಕ್ಕೆ. ಕಣಜ ತುಂಬಿದ್ರೆ ಬಾಗಿಲು ದಬ್ ಅನ್ನುತ್ತೆ. ಖಾಲಿ ಇದ್ರೆ ಮಾತ್ರ ಠಣ್.

ನಾಲ್ಕನೇ ಕಣಜ ಹೊಸದಾಗಿ ಕಟ್ಟಿದ ವರ್ಷ ಅದರೊಳಗೆ ಲಿಂಡ್ಸೆ ಕ್ರೂ ಸತ್ತಿದ್ದ. ಅದಕ್ಕೆ ಮುಂಚೆ ಎಲ್ಲಾ ಚೀಲದ ಕಾಲ. ಲಿಂಡ್ಸೆ ಗೋಧಿ ಚೀಲ ಹೆಗಲ ಮೇಲೆ ಹಾಕ್ಕೊಂಡು ಹಲಗೆ ಮೇಲೆ ಓಡ್ತಾ ಹೋಗಿ ಒಟ್ಟಲಿಗೆ ಏರಿಸ್ತಿದ್ದ, ದಿನಕ್ಕೆ ನಾನೂರು ಚೀಲ. ಕಣಜ ಬಂತು, ಚೀಲ ಹೋಯ್ತು, ಹೊರೋರ ಕೆಲಸವೂ ಹೋಯ್ತು. 'ಈ ಗೋಪುರ ನಮ್ಮ ಅನ್ನ ನುಂಗ್ತು ಕಣ್ರೋ,' ಅಂತ ಬೈತಾನೇ ಅದೇ ಕಣಜದಲ್ಲಿ ಕೂಲಿಗೆ ಸೇರಿದ. ಒಳಗೆ ಇಳಿದು ಹೆಪ್ಪುಗಟ್ಟಿದ ಕಾಳು ಒಡೀತಿದ್ದಾಗ ಕೆಳಗೆ ಚಕ್ರ ತಿರುಗ್ತು. ತಿರುಗಿಸಿದೋನು ಆರ್ಚಿ. ವಿಚಾರಣೆಯಲ್ಲಿ ಬೈಬಲ್ ಮುಟ್ಟಿ ಹೇಳಿದ: 'ಮೂರು ಸಲ ಬಡಿದೆ. ಉತ್ತರ ಬರಲಿಲ್ಲ.' ಲಿಂಡ್ಸೆಗೆ ಕಿವಿ ಮಂದ ಇತ್ತೇನೋ ಅಂತ ಬರ್ಕೊಂಡು ಕಾಗದ ಮಡಚಿಟ್ರು.

ಸರಿ. ಡೆಸ್ ಮನೆ ಸೇರಿದ. ಎಲ್ವಾ ಮೇಜಿನ ಮೇಲೆ ಎರಡು ತಟ್ಟೆ ಇಟ್ಟಿದ್ಲು. ಕುರಿಮಾಂಸ, ಕುಂಬಳಕಾಯಿ. ಒಂದರ ಮೇಲೆ ಇನ್ನೊಂದು ತಟ್ಟೆ ಬೋರಲು ಹಾಕಿತ್ತು.

"ಮರ್ವ್ ಎಲ್ಲಿ?" ಅಂದ್ಲು.

"ಇಲ್ಲಿಗೆ ಬರಲಿಲ್ವಾ? ಹೋಟ್ಲಲ್ಲಿರಬೇಕು."

"ಹೋಟ್ಲಿಂದ ಡಲ್ಸಿ ಅಣ್ಣ ಈಗ ತಾನೇ ಬಂದು ಹೋದ. ಅವನೂ ಇವನನ್ನೇ ಹುಡುಕ್ತಿದ್ದ. ಆರು ಗಂಟೆಯಿಂದ ಯಾರೂ ನೋಡಿಲ್ವಂತೆ."

ಡೆಸ್ ಕೈಲಿದ್ದ ಫೋರ್ಕ್ ಕೆಳಗಿಟ್ಟ. ಆರು ಗಂಟೆಗೆ ಏನಾಗಿತ್ತು ಅನ್ನೋದು ನೆನಪಾಯ್ತು. ನಾಲ್ಕನೇ ಕಣಜದ ಸೂರು ಸೋರಿ ಮೇಲಿನ ಕಾಳು ಹೆಪ್ಪುಗಟ್ಟಿತ್ತು. 'ನಾಳೆ ಬೆಳಿಗ್ಗೆ ಇಬ್ಬರೂ ಹತ್ತಿ ಒಡೆಯೋಣ,' ಅಂದಿದ್ದ ಡೆಸ್. 'ನಾಳೆ ಕೋಟು ಹೊಲಿಯೋನ ಹತ್ರ ಹೋಗ್ಬೇಕು ಭಾವ, ಇವತ್ತೇ ಮುಗಿಸಿದ್ರಾಗುತ್ತೆ,' ಅಂದಿದ್ದ ಮರ್ವ್. 'ಒಬ್ಬನೇ ಹೋದ್ರೆ ಕಾಲು ಮುರೀತೀನಿ,' ಅಂತ ಗದರಿ ಡೆಸ್ ಲಾರಿ ತೂಗೋಕೆ ಹೋಗಿದ್ದ. ಆಮೇಲೆ ಅವನನ್ನ ನೋಡಿರಲಿಲ್ಲ.

ಸೈಕಲ್. ಬಡಿತ. ತಾನು ತಿರುಗಿ ನೋಡದೆ ಬಂದದ್ದು...

ಅದೇ ಹೊತ್ತಿಗೆ ದೂರದಲ್ಲಿ ರೈಲು ಕೂಗ್ತು. ರಾತ್ರಿ ಗೋಧಿ ತುಂಬಿಸ್ಕೊಂಡು ಬಂದರಿಗೆ ಹೋಗೋ ಗಾಡಿ. ಇವತ್ತು ತುಂಬಿಸಬೇಕಾದ್ದು ನಾಲ್ಕನೇ ಕಣಜದಿಂದ.

"ಡೆಸ್? ಯಾಕೆ ಮುಖ ಹಾಗಾಯ್ತು? ಡೆಸ್!"

ಅವನು ಓಡ್ತಿದ್ದ.

ಕಣಜದ ಹತ್ರ ಬಂದಾಗ ಡಬ್ಬಿಗಳು ಆಗಲೇ ದೋಣಿ ಕೆಳಗೆ ನಿಂತಿದ್ವು. ಇಂಜಿನ್ ಉಸ್... ಉಸ್... ಅಂತ ಹಬೆ ಬಿಡ್ತಿತ್ತು. ಲಾಟೀನು ನೆಲದ ಮೇಲೆ. ಆರ್ಚಿ ಎರಡೂ ಕೈ ಚಕ್ರದ ಮೇಲಿಟ್ಟಿದ್ದ.

"ಬಿಡು! ಚಕ್ರ ಬಿಡು!"

"ಏನು ಬಂತೋ ನಿಂಗೆ?"

"ಒಳಗೆ ಮರ್ವ್ ಇದ್ದಾನೆ."

"ತಲೆ ಕೆಟ್ಟಿದ್ಯಾ? ಅವನು ಎಲ್ಲೋ ಕುಡಿದು ಬಿದ್ದಿರ್ತಾನೆ."

"ಬಡಿದದ್ದು ಕೇಳಿಸ್ತು ಆರ್ಚಿ. ಒಂಬತ್ತು ಗಂಟೆಗೆ."

ಆರ್ಚಿಯ ದನಿ ಸಣ್ಣಗಾಯ್ತು. "ನಂಗೂ ಕೇಳಿಸ್ತು. ಈಗ ತಾನೇ ಕೇಳಿಸ್ತು... ಅದು ಲಿಂಡ್ಸೆ. ಹದಿನಾಲ್ಕು ವರ್ಷದಿಂದ ಬಡೀತಾ ಇದ್ದಾನೆ. ಬಡ್ಕೊಳ್ಳಲಿ ಬಿಡು."

"ಇವತ್ತು ಅವನಲ್ಲದಿದ್ರೆ?"

ಗಾರ್ಡು ಹಿಂದಿನ ಡಬ್ಬಿಯಿಂದ ಅರಚಿದ. "ಏನ್ರಯ್ಯಾ ಅಲ್ಲಿ ಪಿಸಿಪಿಸಿ? ಬೆಳಗಾಗೋ ತನಕ ಇಲ್ಲೇ ಬಿದ್ದಿರ್ಬೇಕಾ ನಾವು?"

"ಬಾಗಿಲು ಬಡಿದ್ಯಾ?" ಅಂದ ಡೆಸ್.

ಆರ್ಚಿ ಮುಖ ಆಚೆ ತಿರುಗಿಸಿದ.

"ಬಡಿದ್ಯಾ ಆರ್ಚಿ?"

"ಈ ಬಾಗಿಲಿಗೆ ರಾತ್ರಿ ಹೊತ್ತು ಯಾರೂ ಬಡಿಯಲ್ಲ. ನಿಂಗೆ ಗೊತ್ತು."

ಡೆಸ್ ಅವನ ಸೊಂಟದಿಂದ ಸ್ಪ್ಯಾನರ್ ಕಿತ್ಕೊಂಡ. ಆರ್ಚಿ ಅವನ ತೋಳು ಹಿಡಿದ. "ಬೇಡ ಕಣೋ... ನಿನ್ನ ಕಾಲಿಗೆ ಬೀಳ್ತೀನಿ, ಬೇಡ." ಡೆಸ್ ಕೊಡವಿಕೊಂಡು ಬಾಗಿಲಿಗೆ ಬಡಿದ.

ದಬ್. ದಬ್. ದಬ್.

ಕಿವಿ ಇಟ್ಟ. ಕಬ್ಬಿಣ ಇನ್ನೂ ಬಿಸಿ ಇತ್ತು, ಹಗಲಿನ ಬಿಸಿಲಿಂದ. ಎಣಿಸೋಕೆ ಶುರು ಮಾಡಿದ. ಹತ್ತು... ಇಪ್ಪತ್ತು... ಒಳಗೆ ಎಲ್ಲೋ ಒಂದು ಇಲಿ ಕಾಳು ಕೆದರೋ ಸರಸರ. ಮೂವತ್ತು... ನಲವತ್ತು...

ಠಣ್. ಠಣ್.

ಮೇಲಿಂದ ಅಲ್ಲ. ಗೋಡೆಗುಂಟ ಇಳಿದು ಬಂದದ್ದೂ ಅಲ್ಲ. ಅವನ ಕಿವಿ ಇದ್ದ ಜಾಗದಲ್ಲೇ, ಬಾಗಿಲಿನ ಆಚೆ ಮೈಯಲ್ಲಿ. ಕೆನ್ನೆಗೆ ಬಾಗಿಲು ಅದುರಿದ್ದು ತಾಕಿತು.

ಹಿಂದೆ ಆರ್ಚಿ ಹಳಿ ತನಕ ಸರಿದು ಕೂತ. ಡೆಸ್‌ಗೆ ಓಡಿಹೋಗಿಬಿಡಬೇಕು ಅನ್ನಿಸ್ತು, ನಿಜ, ಅವನೇ ಹೇಳ್ತಾನೆ. ಆದ್ರೆ ಎರಡು ಬಡಿತ ಕೇಳಿಸಿದ್ರೆ ಒಳಗೆ ಮನುಷ್ಯ ಇದ್ದಾನೆ ಅಂತ. ಅದು ಕಣಜದ ಕಟ್ಟಳೆ. ದೆವ್ವವೋ ಹುಡುಗನೋ, ಹತ್ತಿ ನೋಡದೆ ಅವನು ಎಲ್ವಾಗೆ ಮುಖ ತೋರಿಸೋ ಹಾಗಿರಲಿಲ್ಲ.

"ಚಕ್ರ ಯಾರಾದ್ರೂ ಮುಟ್ಟಿದ್ರೋ, ಕೈ ಕತ್ತರಿಸಿಬಿಡ್ತೀನಿ!" ಅಂತ ಗಾರ್ಡಿಗೂ ಕೇಳೋ ಹಾಗೆ ಕೂಗಿ, ಆರ್ಚಿಯ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಹೊರಗಿನ ಏಣಿ ಹತ್ತಿದ.

ತೊಂಬತ್ತು ಅಡಿ. ಮೇಲೆ ಹೋದಷ್ಟೂ ಗಾಳಿ. ಏಣಿ ಗೋಡೆಗೆ ಕಿರ್ರ್... ಕಿರ್ರ್ ಅಂತ ಉಜ್ಜುತಿತ್ತು. ತುದಿಯಲ್ಲಿ ಮುಚ್ಚಳ ತೆರೆದೇ ಇತ್ತು.

ಟಾರ್ಚ್ ಬೆಳಕು ಒಳಗೆ ಬಿಟ್ಟ. ಹತ್ತಡಿ ಕೆಳಗೆ ಕಾಳು. ಕಾಳಿನ ಮಧ್ಯ ಒಂದು ಗುಂಡಿ. ಗುಂಡಿಯಲ್ಲಿ ಒಂದು ತಲೆ.

"ಮರ್ವ್!"

ಕಣ್ಣು ತೆರೀತು. ತುಟಿ ಅಲ್ಲಾಡ್ತು. ಸದ್ದು ಬರಲಿಲ್ಲ. ಕಾಲಡಿಯ ಹೆಪ್ಪು ಒಡೆದು ಕೆಳಗಿನ ಪೊಳ್ಳಿಗೆ ಜಾರಿದ್ದ, ಕುತ್ತಿಗೆ ತನಕ ಗೋಧಿ. ಅವನು ಉಸಿರು ಬಿಟ್ಟಾಗೆಲ್ಲ ಸುತ್ತ ಕಾಳು ಸರ್ರ್ ಅಂತ ಜಾರಿ ಎದೆಗೆ ಇನ್ನಷ್ಟು ಬಿಗೀತಿತ್ತು. ಚಕ್ರ ಅರ್ಧ ಸುತ್ತು ತಿರುಗಿದ್ರೂ ಸಾಕಿತ್ತು.

ಮುಂದಿನದು ಐದು ಗಂಟೆ ಹೊತ್ತಿನ ಕೆಲಸ. ಅದನ್ನ ಉದ್ದ ಮಾಡಲ್ಲ. ಡ್ರೈವರು, ಗಾರ್ಡು ಎಲ್ಲಾ ಹತ್ತಿದ್ರು. ಕಂಕುಳಿಗೆ ಹಗ್ಗ ಹಾಕಿ ಎಳೆದ್ರೆ ಮೈ ಹರಿಯುತ್ತೆ, ಅದಕ್ಕೆ ಸುತ್ತ ತಗಡು ಚುಚ್ಚಿ, ಒಳಗಿನ ಕಾಳನ್ನ ಸೀಮೆಎಣ್ಣೆ ಡಬ್ಬದಲ್ಲಿ ತೋಡಿ ತೋಡಿ ಹೊರಗೆ ಹಾಕಿದ್ರು. ಡೆಸ್ ತಾನೇ ಬರಿಗೈಲಿ ಅವನ ತೋಳು ಬಿಡಿಸಿದ. ಮೊದಲು ಬಲಗೈ, ಆಮೇಲೆ ಎಡಗೈ. ಎರಡೂ ಪಕ್ಕೆಗೆ ಅಂಟಿಕೊಂಡು, ನೀಲಿಗಟ್ಟಿ, ಮರದ ಕೊರಡು ಆಗಿದ್ವು. ಸಲಿಕೆ ಸಿಗಲೇ ಇಲ್ಲ, ಎಲ್ಲೋ ಆಳದಲ್ಲಿ ಹೋಗಿತ್ತು.

ಬೆಳಗಿನ ಜಾವ ಮರ್ವ್‌ನ ಕೆಳಗಿಳಿಸಿ ಕಂಬಳಿ ಸುತ್ತಿದ್ರು. ಎಲ್ವಾ ಅವನ ತಲೆ ತೊಡೆ ಮೇಲಿಟ್ಟುಕೊಂಡು ಸಕ್ಕರೆ ಟೀ ಗುಟುಕು ಗುಟುಕಾಗಿ ಕುಡಿಸಿದ್ಲು. ಅಳ್ತಾನೂ ಇದ್ಲು, ಬೈತಾನೂ ಇದ್ಲು.

"ಕತ್ತೆ! ಮದುವೆಗೆ ನಾಲ್ಕು ದಿನ ಇಟ್ಕೊಂಡು... ಬಡಿದ್ಯಲ್ಲ, ಅಷ್ಟಾದ್ರೂ ಬುದ್ಧಿ ಇತ್ತಲ್ಲ. ಇಲ್ಲದಿದ್ರೆ ಏನು ಗತಿ?"

ಮರ್ವ್ ಅವಳನ್ನ ನೋಡಿದ. ಆಮೇಲೆ ಡೆಸ್‌ನ ನೋಡಿದ.

"ನಾನು ಬಡಿಯಲಿಲ್ಲ ಭಾವ," ಅಂದ. ಪಿಸುಮಾತಷ್ಟೇ ಬರ್ತಿತ್ತು. "ಯಾವ ಕೈಲಿ ಬಡೀಲಿ?"

ಎಲ್ವಾ ಟೀ ಲೋಟ ಕೆಳಗಿಟ್ಲು.

"ನನಗೂ ಕೇಳಿಸ್ತಿತ್ತು," ಅಂದ ಮರ್ವ್. "ಕತ್ತಲಾದಾಗಿಂದ. ನನ್ನ ಕೆಳಗೆ... ತುಂಬಾ ಕೆಳಗೆ. ನೀವೇ ಅಂದ್ಕೊಂಡೆ."

ಹಳಿ ಹತ್ರ ಕೂತಿದ್ದ ಆರ್ಚಿ ಎದ್ದ. ಟೋಪಿ ತೆಗೆದ.

"ಲಿಂಡ್ಸೆ ಸತ್ತ ದಿನ ನಾನು ಬಡಿಯಲಿಲ್ಲ," ಅಂದ. "ರೈಲು ಕಾಯ್ತಿತ್ತು. ಗಾರ್ಡು ಕೂಗ್ತಿದ್ದ. ಒಳಗೆ ಯಾರಿರ್ತಾರೆ ಬಿಡು ಅಂತ ತಿರುಗಿಸಿಬಿಟ್ಟೆ... ಬೈಬಲ್ ಮುಟ್ಟಿ ಸುಳ್ಳು ಹೇಳಿದೆ. ಅವನು ಕಿವುಡ ಅಲ್ಲ. ಅವನಿಗೆ ಚೆನ್ನಾಗೇ ಕೇಳಿಸ್ತಿತ್ತು."

ಎಲ್ವಾ ಅವನ ಮುಖ ನೋಡಲಿಲ್ಲ. ಅವನು ಟೋಪಿ ಕೈಲಿ ಹಿಡಿದೇ ಲಿಂಡ್ಸೆಯ ಹೆಂಡತಿ ಮನೆ ಕಡೆ ನಡೆದುಕೊಂಡು ಹೋದ. ಅಲ್ಲಿ ಏನು ಮಾತಾಯ್ತೋ, ಆ ಮನೆಯವರು ಹೇಳಿಲ್ಲ, ನಾವೂ ಕೇಳಿಲ್ಲ. ಆಮೇಲೆ ಅವನು ಕಣಜದ ಕೆಲಸಕ್ಕೆ ಬರಲಿಲ್ಲ.

ಮರ್ವ್‌ಗೆ ಕೋಟಿನ ತೋಳಲ್ಲಿ ಕೈ ಹಾಕೋಕಾಗ್ತಿರಲಿಲ್ಲ. ಹಾಗೇ ಹೆಗಲ ಮೇಲೆ ಹೊದ್ದುಕೊಂಡೇ ಶನಿವಾರ ಮದುವೆಯಾದ. ನಾನೇ ಕೇಕು ಕತ್ತರಿಸಿ ಹಂಚಿದ್ದು.

ಮಾರ್ಚ್‌ನಲ್ಲಿ ನಾಲ್ಕನೇ ಕಣಜ ಖಾಲಿಯಾಯ್ತು. ಗುಡಿಸೋಕೆ ಅಂತ ಡೆಸ್ ಆ ಕಬ್ಬಿಣದ ಬಾಗಿಲು ತೆಗೆದ. ಬಾಗಿಲ ಒಳಮೈಗೆ ಕೊಯ್ಲಿಗೆ ಮುಂಚಿನ ಚಳಿಗಾಲದಲ್ಲಿ, ಕಣಜ ಖಾಲಿ ಇದ್ದಾಗ, ಅವನೇ ಕೆಂಪು ಬಣ್ಣ ಬಳಿದಿದ್ದ. ಬಣ್ಣ ಹಾಗೇ ಇತ್ತು. ಒಂದು ಕಡೆ ಮಾತ್ರ, ಎದೆಮಟ್ಟದಲ್ಲಿ, ಅಂಗೈಯಷ್ಟು ಜಾಗ ಸವೆದು ಬರೀ ಕಬ್ಬಿಣ ಹೊಳೀತಿತ್ತು.

ಅವನು ಆಮೇಲೆ ಮೂರು ಸಲ ಬಣ್ಣ ಹಾಕಿದ್ದಾನೆ. ಬಾಗಿಲು ಈಗಲೂ ಅಲ್ಲೇ ಇದೆ. ಹೋದ ವರ್ಷ ನಾನು ಹೋಗಿ ಬೆರಳಿಟ್ಟು ನೋಡ್ಕೊಂಡು ಬಂದೆ. ಆ ಜಾಗದಲ್ಲಿ ಬಣ್ಣ ಇಲ್ಲ, ಬರೀ ಕಬ್ಬಿಣ, ನುಣ್ಣಗಿದೆ.